ಮೂರನೇ ಮಹಡಿಯ ತುದಿಯ ಕೋಣೆ

ಮಾರ್ಚ್ 3, ಸೋಮವಾರ

ಮೂರನೇ ಮಹಡಿ ಇವತ್ತೂ ಎರಡನೇ ಮಹಡಿಯ ಮೇಲೆ ಸರಿಯಾಗಿ ಕೂರಲಿಲ್ಲ. ಫೋನಿನಲ್ಲಿ ದಾರಿ ತೋರಿಸುವ ಮ್ಯಾಪ್ ಮಾಡಿಕೊಡಿ ಎಂದ ಆಸ್ಪತ್ರೆಯವರು ಹಳೆಯ ನಕ್ಷೆಯ ಮಡಿಕೆಯನ್ನೂ ಬಿಡಿಸದೆ ಸ್ಕ್ಯಾನ್ ಮಾಡಿ ಕಳಿಸಿದ್ದಾರೆ. ಒಂದು ಮೂಲೆ ಹೊಂದಿಸಿದರೆ ಇನ್ನೊಂದು ಜಾರುತ್ತದೆ. ಪರದೆಯಲ್ಲಿ ಮೆಟ್ಟಿಲು ಹತ್ತಿ ಬಂದವರು ಸೀದಾ ಗೋಡೆಯೊಳಗೆ ನಿಲ್ಲುತ್ತಾರೆ.

ಬಾಸ್ ಬೆನ್ನ ಹಿಂದೆ ಬಂದು ನಿಂತರು. "ಮೆಟ್ಟಿಲು ಬಿಡಿ, ಲಿಫ್ಟ್ ಹಿಡ್ಕೊಳ್ಳಿ. ಲಿಫ್ಟ್ ಯಾವತ್ತೂ ಅಡ್ಡಡ್ಡ ಹೋಗಲ್ಲ."

ಹೌದಲ್ಲ! ಲಿಫ್ಟಿನ ಮೂಲೆಗಳನ್ನು ಹಿಡಿದು ಎಳೆದೆ. ಪುಣ್ಯಕ್ಕೆ ಕೂತಿತು.

ಇನ್ನು ಗೋಡೆ ಎಳೆಯಬೇಕು, ಬಾಗಿಲು ಇಡಬೇಕು, ಕೋಣೆಗಳಿಗೆ ಹೆಸರು ಕೊಡಬೇಕು. ಬಾಗಿಲು ಮರೆತರೆ ಆ ಕೋಣೆಗೆ ದಾರಿಯೇ ಇಲ್ಲ ಎನ್ನುತ್ತದೆ ಸಾಫ್ಟ್‌ವೇರ್. ಹೋದ ವಾರ ಎಕ್ಸ್‌ರೇ ವಿಭಾಗಕ್ಕೆ ಬಾಗಿಲು ಮರೆತು, ಡಾಕ್ಟರು ನರ್ಸು ಎಲ್ಲರನ್ನೂ ಸೇರಿಸಿ ಗೋಡೆ ಕಟ್ಟಿಬಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಅಷ್ಟೇ, ಸದ್ಯ.

ಮಾರ್ಚ್ 5, ಬುಧವಾರ

ಅತ್ತೆ ಕಣ್ಣು ತೋರಿಸಲು ಅದೇ ಆಸ್ಪತ್ರೆಗೆ ಹೋಗಿದ್ದರು. ಒಬ್ಬರೇ. ಇವರು ಜೊತೆಗೆ ಬರುತ್ತೇನೆ ಎಂದರೆ, "ನನ್ನೇನು ಸ್ಕೂಲಿಗೆ ಸೇರಿಸ್ತಿದೀಯಾ?" ಎಂದು ಮಗನನ್ನೇ ಗದರಿದರಂತೆ.

ಆ ಆಸ್ಪತ್ರೆ ಎಂದರೆ ಮೂರು ಕಟ್ಟಡ, ಮೂರು ಕಾಲದ್ದು. ಒಂದರ ಎರಡನೇ ಮಹಡಿ ಇನ್ನೊಂದರ ಮೊದಲನೇ ಮಹಡಿಗೆ ಸೇರುತ್ತದೆ. ಅತ್ತೆ ಸುತ್ತಿ ಸುತ್ತಿ ಕೊನೆಗೆ ಹೋಗಿ ಕೂತದ್ದು ಹೆರಿಗೆ ವಾರ್ಡಿನ ಬೆಂಚಿನ ಮೇಲೆ.

"ಪಕ್ಕದಲ್ಲಿ ಕೂತೋಳು 'ಗಂಡಾ, ಹೆಣ್ಣಾ?' ಅಂದ್ಳು ಕಣೇ. 'ಪೊರೆ' ಅಂದೆ."

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅತ್ತೆಯೂ ನಕ್ಕರು. ಆಮೇಲೆ ಕನ್ನಡಕ ಒರೆಸುತ್ತಾ, "ಭಯ ಆಯ್ತು. ಯಾರನ್ನ ಕೇಳೋದು? ಎಲ್ಲರೂ ಓಡ್ತಾನೇ ಇರ್ತಾರೆ," ಎಂದರು. ಮೆಲ್ಲಗೆ.

ಈ ಮ್ಯಾಪ್ ಬೇಗ ಮುಗಿಯಬೇಕು. ಯಾರನ್ನೂ ಕೇಳದೆ, ಫೋನ್ ನೋಡಿಕೊಂಡು ಬೇಕಾದ ಬಾಗಿಲಿಗೆ ಹೋಗುವಂತಿರಬೇಕು.

ಮಾರ್ಚ್ 11, ಮಂಗಳವಾರ

ಇಡೀ ದಿನ ಆಸ್ಪತ್ರೆಯಲ್ಲಿ ಅಳತೆ. ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದರಲ್ಲಿ ಲೇಸರ್. ನಕ್ಷೆಯಲ್ಲಿ ಇರುವುದು ನಿಜಕ್ಕೂ ಇದೆಯೇ ಎಂದು ನೋಡುತ್ತಾ ಹೋಗುವುದು. ಗ್ರಂಥಾಲಯ ಎಂದಿದ್ದ ಕಡೆ ವಾಷಿಂಗ್ ಮೆಷಿನ್‌ಗಳು.

ಹಳೇ ಕಟ್ಟಡ, ಮೂರನೇ ಮಹಡಿ, ಕಾರಿಡಾರಿನ ತುದಿ. ನಕ್ಷೆಯ ಪ್ರಕಾರ ಸಾಮಾನು ಕೋಣೆ. ಆದರೆ ಬಾಗಿಲ ಸಂದಿಯಲ್ಲಿ ಬೆಳಕು. ಒಳಗೆ ಯಾವುದೋ ಮಗು ಕೆಮ್ಮಿತು. ತಟ್ಟಿದೆ. ಸರಪಳಿ ಹಾಕಿಕೊಂಡೇ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಒಂದು ಕಣ್ಣು, ಅರ್ಧ ಬಾಯಿ. ಹೆಂಗಸು.

"ಇಲ್ಲಿ ಯಾರೂ ಇಲ್ಲ," ಎಂದಳು. ಮುಚ್ಚಿದಳು.

ಆ ಮಹಡಿಯ ನರ್ಸನ್ನು ಕೇಳಿದೆ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರನ್ನು ಬೇರೆ ವ್ಯವಸ್ಥೆ ಆಗುವ ತನಕ ಅಲ್ಲಿ ಇಟ್ಟುಕೊಳ್ಳುತ್ತಾರಂತೆ. ಆಸ್ಪತ್ರೆಯ ಕೌನ್ಸೆಲರ್ ಮೇಡಂ ನೋಡಿಕೊಳ್ಳುತ್ತಾರಂತೆ.

ಸಾಮಾನು ಕೋಣೆ ಎಂಬುದನ್ನು ಅಳಿಸಿದೆ. 'ಮಹಿಳೆಯರ ಆಶ್ರಯ ಕೋಣೆ' ಎಂದು ಬರೆದೆ. ಕಷ್ಟದಲ್ಲಿ ಬಂದವಳು ಕಂಡಕಂಡವರನ್ನು ಕೇಳುತ್ತಾ ಅಲೆಯುವುದು ಬೇಡವಲ್ಲ... ಮನಸ್ಸಿಗೆ ಹಿತವಾಯಿತು.

ಮಾರ್ಚ್ 19, ಬುಧವಾರ

ಮ್ಯಾಪ್ ಬಿಟ್ಟಾಯಿತು! ಇನ್ನು ಯಾರು ಬೇಕಾದರೂ ಫೋನಿಗೆ ಇಳಿಸಿಕೊಳ್ಳಬಹುದು.

ಮೊದಲ ಪರೀಕ್ಷೆ ಅತ್ತೆಯದೇ. ಗೇಟಿನಿಂದ ಅವರನ್ನು ಮುಂದೆ ಬಿಟ್ಟು ನಾನು ದೂರದಿಂದ ಹಿಂದೆ ಹಿಂದೆ ಹೋದೆ. ಮ್ಯಾಪ್ ತೋರಿಸಿದ ನೀಲಿ ಗೆರೆ ಹಿಡಿದು ಹೋದರು. ಒಂದು ಕಡೆ ನಿಂತು ಫೋನಿಗೆ, "ಎಡಕ್ಕಾ? ಸರಿ ಮಾರಾಯಾ," ಎಂದರು. ಸೀದಾ ಕಣ್ಣಿನ ವಿಭಾಗ. ಬಾಗಿಲಲ್ಲಿ ತಿರುಗಿ ನೋಡಿ ಕೈ ಎತ್ತಿದರು, ಓಟದ ಪಂದ್ಯ ಗೆದ್ದವರ ಹಾಗೆ.

ಬಾಸ್ ಎಲ್ಲರಿಗೂ ಟೀ ಕುಡಿಸಿದರು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ಮಾರ್ಚ್ 24, ಸೋಮವಾರ. ಮಧ್ಯಾಹ್ನ

ಕೌನ್ಸೆಲರ್ ಮೇಡಂ ಫೋನ್ ಮಾಡಿದ್ದರು. "ಮೂರನೇ ಮಹಡಿ ಕೋಣೆಗೆ ಹೆಸರು ಬರೆದಿದ್ದು ಯಾರು?"

ನಾನೇ ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

ಒಬ್ಬ ಗಂಡಸು ಬಹಳ ದಿನದಿಂದ ಗೇಟಿಗೆ ಬಂದು ಹೆಂಡತಿಯನ್ನು ಕೇಳುತ್ತಿದ್ದ. ಅವಳು ಇಲ್ಲಿಲ್ಲ ಎಂದು ಕಳಿಸುತ್ತಿದ್ದರು. ನಿನ್ನೆ ಯಾರನ್ನೂ ಕೇಳಲಿಲ್ಲ. ಫೋನ್ ಹಿಡಿದುಕೊಂಡು, ನನ್ನ ನೀಲಿ ಗೆರೆಯ ಮೇಲೆ ನಡೆದು, ಆ ಬಾಗಿಲಿಗೇ ಹೋದ. ಒದ್ದ. ಸರಪಳಿ ಕಿತ್ತು ಬಂತು. ಅವಳು ಒಳಗಿಂದ ಬಾಗಿಲು ಒತ್ತಿ ಹಿಡಿದಿದ್ದಾಳೆ. ಬೆರಳು ಸಂದಿಗೆ ಸಿಕ್ಕಿವೆ. ಆದರೂ ಬಿಟ್ಟಿಲ್ಲ. ಕೂಗು ಕೇಳಿ ನರ್ಸುಗಳು, ವಾರ್ಡಿನವರು ಓಡಿ ಬಂದು ಅವನನ್ನು ಹಿಡಿದರು. ಪೊಲೀಸರು ಕರೆದುಕೊಂಡು ಹೋದರು. ಮಗಳು ಮಂಚದ ಕೆಳಗಿದ್ದಳಂತೆ.

"ಎರಡು ಬೆರಳು ಮುರಿದಿದೆ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಕ್ಷಣ ಹೆಸರು ಅಳಿಸಿದೆ. ಅಳಿಸಿದ ಮೇಲೆ ಹೊಳೆಯಿತು... ಇಳಿಸಿಕೊಂಡವರ ಫೋನಿನಲ್ಲಿ ಹಳೆಯದೇ ಇರುತ್ತದೆ. ನಾನು ಅಳಿಸಿದ್ದು ನನ್ನ ಪರದೆಯಿಂದ ಮಾತ್ರ. ಬಾಸ್‌ಗೆ ಹೇಳಿದೆ. "ಬೆರಳಾ?" ಎಂದರು. ಕೂತುಬಿಟ್ಟರು. ಆಮೇಲೆ ಎದ್ದು ಇಡೀ ಮ್ಯಾಪನ್ನೇ ಹಿಂದಕ್ಕೆ ತೆಗೆದುಕೊಂಡರು.

ಸಂಜೆ

ಊಟ ಸೇರಲಿಲ್ಲ. ಇವರಿಗೆ ಹೇಳಿದೆ. "ನಿನಗೆ ಗೊತ್ತಿರಲಿಲ್ಲ ಅಲ್ವಾ?" ಎಂದರು. ಗೊತ್ತಿರಲಿಲ್ಲವೇ? ಸರಪಳಿ ನೋಡಿದ್ದೆ. ಅವಳ ಮಾತು ಕೇಳಿಸಿಕೊಂಡಿದ್ದೆ.

ಅತ್ತೆ ತಟ್ಟೆ ತಂದು ಪಕ್ಕದಲ್ಲಿ ಇಟ್ಟುಕೊಂಡು ಕೂತರು. "ನನಗೆ ದಾರಿ ತೋರಿಸಿದ್ದೂ ಅದೇ ಗೆರೆ ಅಲ್ವೇನೇ? ಅದಕ್ಕೇನು ಗೊತ್ತು ಹಿಂದೆ ಬರ್ತಿರೋರು ಯಾರು ಅಂತ. ನಿನಗೆ ಈಗ ಗೊತ್ತಾಯ್ತಲ್ಲ. ತಿನ್ನು," ಎಂದರು.

ಎರಡು ತುತ್ತು ತಿಂದೆ.

ಮಾರ್ಚ್ 25, ಮಂಗಳವಾರ

ಆಸ್ಪತ್ರೆಯಲ್ಲಿ ಮೀಟಿಂಗ್. ಆಡಳಿತಾಧಿಕಾರಿ, ಕೌನ್ಸೆಲರ್ ಮೇಡಂ, ಬಾಸ್, ನಾನು. ಮೇಡಂ ಗಿಡ್ಡ ಹೆಂಗಸು. ಭುಜಕ್ಕಿಂತ ದೊಡ್ಡ ಬ್ಯಾಗು.

ಕ್ಷಮೆ ಕೇಳಲು ಬಾಯಿ ತೆರೆದೆ. ಕೈ ಅಡ್ಡ ಹಿಡಿದರು. "ಅದು ಆಮೇಲೆ."

ಅಧಿಕಾರಿ, "ಮತ್ತೆ ಸಾಮಾನು ಕೋಣೆ ಅಂತಲೇ ಬರೆದುಬಿಡಿ, ಮುಗೀತು," ಎಂದರು. ನನಗೂ ಹಾಗೇ ಅನಿಸಿತ್ತು, ಬಾಸ್ ಬಿಡಲಿಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕದವರು ನೋಡುವುದೂ ಇದೇ ಮ್ಯಾಪ್. ಸಾಮಾನು ಕೋಣೆ ಎಂದಿದ್ದರೆ ಒಳಗೆ ಮಗು ಮಲಗಿದೆ ಎಂದು ಯಾರು ಹುಡುಕುತ್ತಾರೆ?

ಎರಡು ಪ್ರತಿ ಮಾಡೋಣ ಎಂದೆ. ಸಾರ್ವಜನಿಕರಿಗೆ ಒಂದು, ಅಗ್ನಿಶಾಮಕಕ್ಕೆ ಒಂದು.

"ಒಂದನ್ನೇ ನೆಟ್ಟಗೆ ಇಟ್ಟುಕೊಳ್ಳೋಕ್ಕಾಗಲಿಲ್ಲ, ಎರಡಾ?" ಎಂದರು ಅಧಿಕಾರಿ.

ಮೇಡಂ ಹೇಳಿದರು: "ಎರಡು ಮಾಡಿ. ಆದರೆ ಆ ಕೋಣೆ ಮುಗೀತು. ಅದರ ವಿಳಾಸ ಊರಿಗೆಲ್ಲ ಗೊತ್ತಾಯ್ತು. ನನಗೆ ಬೇರೆ ಕೋಣೆ ಬೇಕು." ನನ್ನ ಕಡೆ ತಿರುಗಿದರು. "ಈ ಕಟ್ಟಡದ ಎಲ್ಲಾ ಕೋಣೆ ಈಗ ನಿಮ್ಮ ತಲೇಲಿದೆ ಅಲ್ವಾ? ಹುಡುಕಿಕೊಡಿ. ಎರಡು ಬಾಗಿಲಿರಬೇಕು. ಕೂಗಿದರೆ ನರ್ಸ್‌ಗೆ ಕೇಳಿಸಬೇಕು. ಕಿಟಕಿ ರಸ್ತೆ ಕಡೆ ಇರಬಾರದು. ಕಾರಿಡಾರ್ ತುದಿ ಅಂತೂ ಬೇಡವೇ ಬೇಡ."

ಮಾರ್ಚ್ 28, ಶುಕ್ರವಾರ

ಖಾಲಿ ಇರುವ, ಎರಡು ಬಾಗಿಲಿನ ಕೋಣೆ ಎಂದು ಸಾಫ್ಟ್‌ವೇರನ್ನು ಕೇಳಿದೆ. ಮೊದಲು ತೋರಿಸಿದ್ದು ಶವಾಗಾರ. ಮೇಡಂ ಪಕ್ಕದಲ್ಲೇ ಕೂತಿದ್ದರು. ನಾನು ಗಾಬರಿಯಾದೆ, ಅವರು ಜೋರಾಗಿ ನಕ್ಕುಬಿಟ್ಟರು. "ನಿಮ್ಮ ಕಂಪ್ಯೂಟರ್‌ಗೂ ನಮ್ಮ ಇಲಾಖೆಗೂ ಒಂದೇ ಬುದ್ಧಿ."

ಕೊನೆಗೆ ಒಂದು ಸಿಕ್ಕಿತು. ಹೊಸ ಕಟ್ಟಡ, ಮಕ್ಕಳ ವಾರ್ಡಿನ ಹಿಂದೆ. ಮುರಿದ ಮಂಚ ತುಂಬಿಟ್ಟಿದ್ದಾರೆ. ನಲ್ಲಿ ಇದೆ. ಕಿಟಕಿ ಒಳಗಿನ ಅಂಗಳಕ್ಕೆ. ಆದರೆ ನಾನು ಎಳೆದ ನಕ್ಷೆಯಲ್ಲಿ ಒಂದೇ ಬಾಗಿಲು. ಸ್ಕ್ಯಾನನ್ನು ಹಿಗ್ಗಿಸಿ ನೋಡಿದೆ. ನರ್ಸುಗಳ ಕೋಣೆಯ ಕಡೆಯ ಗೋಡೆಯಲ್ಲಿ ಮಾಸಿದ ಅರ್ಧಚಂದ್ರ... ನಕ್ಷೆಯಲ್ಲಿ ಬಾಗಿಲಿನ ಗುರುತು ಅದೇ.

ಹೋದೆವು. ಆ ಜಾಗದಲ್ಲಿ ಕಬ್ಬಿಣದ ಬೀರು. ಬಾಸ್ ಬೆನ್ನು ಕೊಟ್ಟು ನೂಕಿದರು, ನಾನು ಎಳೆದೆ, ಮೇಡಂ ಬ್ಯಾಗು ಕೆಳಗಿಟ್ಟು ಕಾಲಿನಿಂದ ಒತ್ತಿದರು. ಸರಿಯಿತು. ಹಿಂದೆ ಬಾಗಿಲು! ಗೋಡೆಯ ಜೊತೆಗೇ ಬಣ್ಣ ಬಳಿದಿದ್ದಾರೆ, ಆದರೆ ಬಾಗಿಲೇ.

ಬಾಸ್ ಸೊಂಟ ಹಿಡಿದುಕೊಂಡು ಮನೆಗೆ ಹೋದರು. ಮುಖದಲ್ಲಿ ಮಾತ್ರ ಮದುಮಗನ ಕಳೆ.

ಏಪ್ರಿಲ್ 2, ಬುಧವಾರ

ಅವಳನ್ನು ನೋಡಿದೆ.

ನಾನಾಗಿ ಹೋಗಲಿಲ್ಲ. "ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳೋಕೆ ಅವಳ ಹತ್ರ ಹೋಗಬೇಡಿ. ಅವಳಾಗಿ ಕೇಳಿದರೆ ಕರೀತೀನಿ," ಎಂದಿದ್ದರು ಮೇಡಂ. ಇವತ್ತು ಕರೆದರು.

ವಾರ್ಡಿನ ಮಂಚದ ಮೇಲೆ ಕೂತಿದ್ದಳು. ನನಗಿಂತ ಚಿಕ್ಕವಳು. ಬಲಗೈಗೆ ಪಟ್ಟಿ. ಮಗಳು ಅಮ್ಮನ ಬೆನ್ನಿಗೆ ಅಂಟಿಕೊಂಡಿದ್ದಳು.

"ಅವತ್ತು ಬಾಗಿಲು ತಟ್ಟಿದ್ದು ನೀವೇ ಅಲ್ವಾ ಅಕ್ಕಾ?"

"ಹೂಂ."

"ಇಲ್ಲಿ ಯಾರೂ ಇಲ್ಲ ಅಂದಿದ್ದೆ."

"ಹೂಂ."

"ಮತ್ತೆ ಯಾಕೆ ಬರೆದ್ರಿ?"

ಅಕ್ಕಾ ಎಂದಳಲ್ಲ, ಅದು ಚುಚ್ಚಿತು. ಹೇಳಲು ಏನೇನೋ ಇತ್ತು. ಅತ್ತೆ ದಾರಿ ತಪ್ಪಿದ್ದು, ಒಳ್ಳೆಯದಕ್ಕೇ ಬರೆದದ್ದು.

"ನಿಮ್ಮನ್ನ ಕೇಳಬೇಕಿತ್ತು," ಎಂದೆ. "ಕೇಳಲಿಲ್ಲ. ತಪ್ಪಾಯ್ತು."

ಪರವಾಗಿಲ್ಲ ಎನ್ನಲಿಲ್ಲ. ಯಾಕೆ ಅನ್ನಬೇಕು? ಪಟ್ಟಿಯಿಲ್ಲದ ಕೈ ಚಾಚಿದಳು. "ಹೊಸಾ ಕೋಣೆ ಮಾಡ್ತಿದೀರಂತೆ. ತೋರಿಸಿ."

ಟ್ಯಾಬ್ ಕೊಟ್ಟೆ. ಎಡಗೈ ಬೆರಳಿನಿಂದ ಮೆಲ್ಲಗೆ ಸರಿಸುತ್ತಾ ನೋಡಿದಳು. ಇದು ಬಾಗಿಲು, ಇದು ನರ್ಸುಗಳ ಕೋಣೆ, ಇದು ಮೆಟ್ಟಿಲು ಎನ್ನುತ್ತಾ ಹೋದೆ. ಬಾಗಿಲಿನ ಅರ್ಧಚಂದ್ರದ ಮೇಲೆ ಬೆರಳು ನಿಂತಿತು. "ಇದೇನು?"

"ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ. ಇದು ಒಳಗೆ."

"ಬೇಡ. ಹೊರಗೆ ಮಾಡ್ಸಿ. ಒಳಗೆ ತೆರೆದ್ರೆ ಒದೀತಾರೆ. ನಾವೆಷ್ಟು ಅಂತ ತಡೆಯೋದು?"

ಅಲ್ಲೇ ಅವಳ ಎದುರಿಗೇ ತಿದ್ದಿದೆ. ಅರ್ಧಚಂದ್ರ ಹೊರಕ್ಕೆ ಹೊರಳಿತು. ಮಗಳು ಬೆನ್ನ ಹಿಂದಿನಿಂದ ಕತ್ತು ಚಾಚಿ, "ಇನ್ನೊಂದು ಸಲ," ಎಂದಳು. ಒಳಗೆ, ಹೊರಗೆ, ಒಳಗೆ, ಹೊರಗೆ. ಅವಳಿಗೆ ಸಾಕು ಎನಿಸುವ ತನಕ ಮಾಡಿದೆ.

ಏಪ್ರಿಲ್ 9, ಬುಧವಾರ

ಬಡಗಿ ಬಂದು ಎರಡೂ ಬಾಗಿಲು ಹೊರಕ್ಕೆ ತೆರೆಯುವಂತೆ ಕೂರಿಸಿದ. ಒಳಗಡೆ ದಪ್ಪ ಅಗುಳಿ.

ಹೊಸ ಮ್ಯಾಪ್ ಬಿಟ್ಟೆವು. ಹಳೆಯದು ಯಾರ ಫೋನಿನಲ್ಲಿದ್ದರೂ ಇನ್ನು ತೆರೆಯುವುದಿಲ್ಲ, ಬಾಸ್ ಖುದ್ದು ಪರೀಕ್ಷಿಸಿದರು. ಸಾರ್ವಜನಿಕ ಪ್ರತಿಯಲ್ಲಿ ಆ ಜಾಗ ಮಕ್ಕಳ ವಾರ್ಡಿನ ಭಾಗ, ಅಷ್ಟೇ. ಅಗ್ನಿಶಾಮಕದವರ ಪ್ರತಿಯಲ್ಲಿ, 'ಜನ ಮಲಗಿರುತ್ತಾರೆ'. ಇನ್ನು ಯಾವ ಕಟ್ಟಡ ಮಾಡಿದರೂ, ಬಿಡುವ ಮೊದಲು ಪ್ರತಿ ಮಹಡಿಯಲ್ಲಿರುವವರನ್ನು ಕೂರಿಸಿ, ತೋರಿಸಬಾರದ್ದು ಯಾವುದು ಎಂದು ಕೇಳಬೇಕು. ಬಾಸ್ ಒಪ್ಪಿದ್ದಾರೆ.

ಅವಳು, ಮಗಳು ಇಬ್ಬರೂ ಹೊರಟು ಹೋದರಂತೆ. ಒಂದು ಬೆರಳು ಇನ್ನು ಪೂರ್ತಿ ಮಡಚುವುದಿಲ್ಲವಂತೆ. ಎಲ್ಲಿಗೆ ಹೋದರು ಎಂದು ಮೇಡಂ ಹೇಳಲಿಲ್ಲ. ನಾನು ಕೇಳಲಿಲ್ಲ.

ಬೇರೆ ಪ್ರಶ್ನೆ ಕೇಳಿದೆ. ಮ್ಯಾಪಿನಲ್ಲಿ ಇಲ್ಲದ ಮೇಲೆ ಬೇಕಾದವಳಿಗೆ ಸಿಗುವುದು ಹೇಗೆ?

"ಗೇಟಿಗೆ ಬರ್ತಾಳೆ. ಬಂದರೆ ಯಾರಾದ್ರೂ ಇಳಿದು ಹೋಗಿ ಕರ್ಕೊಂಡು ಬರಬೇಕು. ಬೇರೆ ದಾರಿ ಇಲ್ಲ."

ಏಪ್ರಿಲ್ 15, ಮಂಗಳವಾರ. ಮಧ್ಯಾಹ್ನ

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗಿನಿಂದ ನೆಲಮಾಳಿಗೆಯ ಅಳತೆ. ಪೈಪುಗಳ ಸಂತೆ. ತಲೆಯ ತುಂಬ ಜೇಡರ ಬಲೆ. ನೀರಿನ ಟ್ಯಾಂಕಿನ ಹಿಂದೆ ಯಾರೋ ಮೂರು ಕಾಲಿನ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡಿದ್ದಾರೆ. ಅದನ್ನು ಗುರುತು ಹಾಕಲಿಲ್ಲ. ಪ್ಲಂಬರ್ ನಿದ್ದೆ ಮಾಡುವ ಜಾಗ ಇರಬೇಕು, ಇರಲಿ ಪಾಪ.

ಸಂಜೆ ಅತ್ತೆಗೆ ಕಣ್ಣಿನ ಹನಿ ಔಷಧ ಒಯ್ಯಬೇಕು. ನಾಳೆಯೊಳಗೆ ನೆಲಮಾಳಿಗೆಯನ್ನು ಲಿಫ್ಟಿಗೆ ಹೊಂದಿಸಿ...

ಫೋನ್. ಮೇಡಂ. ಅವರು ಬೇರೆ ಊರಿನಲ್ಲಿ ಕೋರ್ಟಿನಲ್ಲಿದ್ದಾರೆ. ಗೇಟಿನಲ್ಲಿ ಒಬ್ಬಳು ಬ್ಯಾಗು ಹಿಡಿದು ನಿಂತಿದ್ದಾಳಂತೆ, ಕಾವಲಿನವರ ಹತ್ತಿರ ಏನೂ ಹೇಳುತ್ತಿಲ್ಲವಂತೆ, ಹೋಗುತ್ತಲೂ ಇಲ್ಲವಂತೆ. "ನೀವು ಅಲ್ಲೇ ಇದೀರಾ?" ಎಂದರು. ಇದ್ದೇನೆ ಎಂದೆ. ಇಲ್ಲಿಂದ ಕಿಟಕಿಯಲ್ಲಿ ಗೇಟು ಕಾಣುತ್ತದೆ. ಹಸಿರು ಬ್ಯಾಗು. ಮೂರು ಕಟ್ಟಡವನ್ನೂ ಒಂದೊಂದಾಗಿ ನೋಡುತ್ತಿದ್ದಾಳೆ. ಈಗ ತಿರುಗಿ ರಸ್ತೆಯ ಕಡೆ... ನಾನೇ ಇಳಿದು ಹೋಗುತ್ತೇನೆ.