ಭುಜಕ್ಕೆ ಭುಜ

ಸೂಲೂರು
17 ಜೂನ್ 2025, ಮಂಗಳವಾರ

ಪ್ರೀತಿಯ ಧರಣಿಗೆ,

ಹೇಗಿದ್ದೀಯಾ ಎಂದು ಕೇಳಿ ಶುರುಮಾಡಬೇಕಿತ್ತು. ಚೆನ್ನಾಗಿದ್ದವಳು ಜನವರಿಯಿಂದ ಫೋನು ಎತ್ತದೆ ಇರುತ್ತಾಳೆಯೇ ಅನ್ನಿಸಿ ಆ ಪ್ರಶ್ನೆಯನ್ನು ಬಿಟ್ಟೆ. ಮೆಸೇಜು ಕಳಿಸಿದರೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ನಿನ್ನ ಫೋನು ನಿಮ್ಮಣ್ಣನ ಕೈಯಲ್ಲೂ ಇರುತ್ತದೆಂದು ನನಗೆ ಗೊತ್ತು. ಅದಕ್ಕೇ ಕಾಗದ, ಅದೂ ಕನ್ನಡದಲ್ಲಿ. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತೀರಿ, ಓದಲು ಬರುವುದು ನಿನಗೊಬ್ಬಳಿಗೇ. ರಜೆಯಲ್ಲಿ ನಮ್ಮಜ್ಜಿ ಇಬ್ಬರನ್ನೂ ಕೂರಿಸಿಕೊಂಡು ಅಕ್ಷರ ತಿದ್ದಿಸುವಾಗ ಎಷ್ಟು ಗೊಣಗಿದ್ದೆವು. ಆಮೇಲೆ ಅದೇ ಅಕ್ಷರದಲ್ಲಿ ಆಟದ ಗುಟ್ಟನ್ನೆಲ್ಲ ಅಂಗೈ ಮೇಲೆ ಗೀಚಿಕೊಂಡು, ಪೊಳ್ಳಾಚಿ ತಂಡದವರು ಇಣುಕಿ ಇಣುಕಿ ಸೋತದ್ದನ್ನು ನೋಡಿ ನಕ್ಕೆವಲ್ಲ.

ಬೆಳಗಿನಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ಪಾಲಕ್ಕಾಡು ಕಡೆಯ ಗಾಳಿ ಬೀಸಲು ಶುರುವಾಗಿದೆ, ಹಿಂಬಾಗಿಲು ಬಡಿದುಕೊಳ್ಳುತ್ತದೆ. ಅದನ್ನು ಮುಚ್ಚಲು ಹೋದವಳು ಬಾವಿಕಟ್ಟೆಯವರೆಗೆ ಹೋಗಿ ನಿಂತುಬಿಡುತ್ತೇನೆ. ಕಾಲೇಜಿಗೂ ಹೋಗಲಿಲ್ಲ. ಭಾನುವಾರ ಸಂಘದ ಸಭೆ ನಡೆಯಿತು, ಧರಣಿ. ಅಲ್ಲಿ ನಿನ್ನ ಹೆಸರು ಬಂತು. ಯಾರಾದರೂ ಅರ್ಧಂಬರ್ಧ ಹೇಳಿ ನಿನ್ನ ತಲೆ ಕೆಡಿಸುವ ಮೊದಲು ನನ್ನಿಂದ ಕೇಳು.

ಮೇ ತಿಂಗಳಲ್ಲಿ ನಮ್ಮ ಐಸ್ ಹಾಕಿ ಸಂಘದ ಕಾರ್ಯದರ್ಶಿ ವೆಲ್ಲಿಂಗಿರಿ ಸರ್ ಮನೆಗೆ ಬಂದಿದ್ದರು. ಹಣ್ಣು ತಂದಿದ್ದರು. ನನ್ನ ಹೆಗಲ ಮೂಳೆ ಕೂಡಿದೆಯೇ ಎಂದು ವಿಚಾರಿಸಿದರು, ಕೈ ಮೇಲೆತ್ತಿ ತೋರಿಸು ಎಂದರು, ತೋರಿಸಿದೆ. ಆಮೇಲೆ ವಿಷಯಕ್ಕೆ ಬಂದರು. ಹುಡುಗಿಯರ ಆಟದಲ್ಲಿ ‘ಚೆಕ್’ ಅನ್ನು ಪೂರ್ತಿಯಾಗಿ ನಿಲ್ಲಿಸಬೇಕಂತೆ. ಮೈಯಿಂದ ತಳ್ಳಿ ಎದುರಾಳಿಯನ್ನು ರಬ್ಬರಿನ ಪಕ್ ಬಿಲ್ಲೆಯಿಂದ ದೂರ ಮಾಡುವುದೇ ಇನ್ನು ಮುಂದೆ ತಪ್ಪಾಗಬೇಕಂತೆ. ಹೊರದೇಶದ ಕೆಲವು ಮಹಿಳಾ ಲೀಗುಗಳಲ್ಲಿ ಚೆಕ್‌ಗೆ ಅನುಮತಿ ಕೊಡುತ್ತಿದ್ದಾರೆ ಎಂದು ಎರಡು ವರ್ಷದ ಹಿಂದೆ ತಾವೇ ಮುಂದೆ ನಿಂತು ನಮಗೂ ಅನುಮತಿ ಕೊಡಿಸಿದ್ದವರು ಇವರು. ಈಗ ತಾವೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ಇಲ್ಲಿ ಗೋಡೌನಿನಲ್ಲಿ ಚಕ್ರದ ಸ್ಕೇಟಿನ ಮೇಲೆ ಆಡುವ ಪಂದ್ಯಕ್ಕೂ, ಚಳಿಗಾಲದಲ್ಲಿ ಲಡಾಖಿಗೆ ಹೋಗಿ ಐಸ್ ಮೇಲೆ ಆಡುವುದಕ್ಕೂ ಒಂದೇ ನಿಯಮ. ಅದಕ್ಕೆ ‘ಅಭಿನಯಾ ನಿಯಮ’ ಎಂದು ಹೆಸರು ಇಡುತ್ತಾರಂತೆ. ಸತ್ತವರ ಹೆಸರನ್ನು ಬೀದಿಗೆ ಇಡುತ್ತಾರಲ್ಲ, ಹಾಗನ್ನಿಸಿತು ನನಗೆ. ಸಭೆಗೆ ಬಂದು ನಾನೇ ಎದ್ದು ನಿಂತು ಮಾತಾಡಬೇಕು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಒಪ್ಪಿಕೊಂಡಳು.

ಆವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ಗೋಡೌನಿನಲ್ಲಿ ಭಾನುವಾರದ ಅಭ್ಯಾಸ ಎಂದರೆ ಈಗ ಅಭ್ಯಾಸ ಕಡಿಮೆ, ವಾದ ಜಾಸ್ತಿ. ಕೋಚ್ ಕಾರ್ತಿಕೇಯನ್ ಸರ್ ನಿಯಮ ಬದಲಿಸಬಾರದು ಎನ್ನುವ ಕಡೆ. ಇಲ್ಲಿ ಪೆಟ್ಟು ತಡೆಯುವುದನ್ನು ಕಲಿಯದ ಹುಡುಗಿಯರು ನಾಳೆ ಉತ್ತರದ ತಂಡಗಳ ಮುಂದೆ ನಿಂತರೆ ಮೂಳೆಗಳನ್ನು ಆರಿಸಿಕೊಂಡು ಬರಬೇಕಾಗುತ್ತದೆ ಎನ್ನುತ್ತಾರೆ. ಮಧ್ಯದಲ್ಲಿ ವಿಮಾನ ಹಾದುಹೋಗುತ್ತದೆ. ತಗಡು ಅದುರುವಷ್ಟು ಹೊತ್ತು ಸುಮ್ಮನಿದ್ದು, ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. ಚಿಕ್ಕ ಹುಡುಗಿಯರ ತಾಯಂದಿರು ಬೆಂಚಿನ ಮೇಲೆ ಕೂತು ಅವರನ್ನೇ ದುರುಗುಟ್ಟಿ ನೋಡುತ್ತಾರೆ. ಗೋಲ್ ಕಾಯುವ ಕಲೈಸೆಲ್ವಿ ನನ್ನನ್ನು ಪಕ್ಕಕ್ಕೆ ಕರೆದು, ನೀನು ಯಾವ ಕಡೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ದಿನ ಅಮ್ಮನ ಮಾತು ಸರಿ ಅನ್ನಿಸುತ್ತಿತ್ತು, ಮರುದಿನ ಸರ್ ಮಾತು. ಕಾಲೇಜಿನ ಬಸ್ಸಿನಲ್ಲಿ ಕೂತು ನನ್ನೊಳಗೇ ಎರಡೂ ಕಡೆಯಿಂದ ಜಗಳವಾಡಿ, ಇಳಿಯಬೇಕಾದ ಸ್ಟಾಪು ದಾಟಿ ಹೋದದ್ದೂ ಉಂಟು.

ಒಂದು ಮಾತ್ರ ತಲೆಯಿಂದ ಹೋಗುತ್ತಿರಲಿಲ್ಲ. ಚೆಕ್ ತೆಗೆದುಬಿಟ್ಟರೆ ನಿನ್ನ ಆಟದಲ್ಲಿ ಏನು ಉಳಿಯುತ್ತದೆ? ನೀನು ನಮ್ಮ ಹಾಗೆ ಸರಸರ ಓಡುವವಳಲ್ಲ. ಗೋಲ್ ಮುಂದೆ ನಿಂತು, ಬಂದವಳ ಹೆಗಲಿಗೆ ಹೆಗಲು ಕೊಟ್ಟು, ಪಕ್ ಕಿತ್ತುಕೊಂಡು ನನಗೆ ತಳ್ಳುವವಳು. ರಾಷ್ಟ್ರೀಯ ಶಿಬಿರಕ್ಕೆ ನಿನ್ನ ಹೆಸರು ಹೋದದ್ದೂ ಅದಕ್ಕೇ. ನನ್ನ ಹೆಸರಿನ ನಿಯಮದಿಂದ ನಿನ್ನ ಆಟ ಮುಗಿಯುತ್ತದೆ ಎಂದುಕೊಂಡಾಗಲೆಲ್ಲ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದೆ.

ಜನವರಿಯ ಆ ದಿನದ್ದನ್ನು ಬರೆಯುತ್ತೇನೆ, ಓದು. ನೀನು ಅದನ್ನು ನಿನ್ನ ತಲೆಯಲ್ಲಿ ಯಾವ ರೀತಿ ಇಟ್ಟುಕೊಂಡಿದ್ದೀಯೋ ನನಗೆ ಗೊತ್ತಿಲ್ಲ. ನಾನು ಕಂಡದ್ದು ಹೀಗೆ. ಲೇಹ್‌ನ ಆಚೆ, ಆ ಹಳ್ಳಿಯ ಹೆಪ್ಪುಗಟ್ಟಿದ ಕೆರೆ. ನಮ್ಮ ಸಂಘದ ಚಳಿಗಾಲದ ಶಿಬಿರದ ಕೊನೆಯ ಅಭ್ಯಾಸ ಪಂದ್ಯ. ನಮ್ಮನ್ನೇ ಎರಡು ಪಾಲು ಮಾಡಿ ನಿನ್ನನ್ನು ನನ್ನ ಎದುರು ಹಾಕಿದ್ದರು. ಪಕ್ ನನ್ನ ಕೋಲಿನಲ್ಲಿತ್ತು. ಅಂಚಿನ ಪಕ್ಕದಿಂದ ನುಗ್ಗಿದೆ, ನೀನು ನನ್ನ ಜೊತೆಜೊತೆಗೇ ಬಂದೆ. ನಿನ್ನ ಮೊಣಕೈ ಮೇಲೇಳಲಿಲ್ಲ, ಕೋಲು ನೆಲ ಬಿಡಲಿಲ್ಲ. ಭುಜಕ್ಕೆ ಭುಜ ತಾಗಿತು. ಗೋಡೌನಿನಲ್ಲಿ ನೂರು ಸಲ ತಾಗಿಸಿದಂತೆಯೇ. ಆದರೆ ಅಲ್ಲಿ ಅಂಚಿನ ಹಲಗೆ ಮೊಣಕಾಲಿನಷ್ಟೇ ಎತ್ತರ. ನಾನು ಒರಗಿಕೊಳ್ಳಬೇಕಾದ ಕಡೆ ಏನೂ ಇರಲಿಲ್ಲ. ಹಲಗೆ ದಾಟಿ ಆಚೆಯ ಕಲ್ಲಿನಂಥ ಮಂಜಿನ ಗುಡ್ಡೆಯ ಮೇಲೆ ಬಿದ್ದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಜೀಪಿನಲ್ಲಿ ದಾರಿಯುದ್ದಕ್ಕೂ ನೀನು ನನ್ನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಆಸ್ಪತ್ರೆಯ ಬಾಗಿಲವರೆಗೆ ಬಂದವಳು ಒಳಗೆ ಬರಲಿಲ್ಲ. ಮಾರನೆಯ ದಿನ ನೀನು ಊರಿಗೆ ಹೊರಟಿದ್ದೀಯೆಂದು ಕಲೈಸೆಲ್ವಿ ಹೇಳಿದಳು. ಆಮೇಲೆ ನೀನು ಧಾರಾಪುರದ ಬಟ್ಟೆ ಅಂಗಡಿಯಲ್ಲಿ ನಿಮ್ಮಣ್ಣನ ಜೊತೆ ಕೂರುತ್ತಿದ್ದೀಯೆಂದು ಯಾರೋ ಹೇಳಿದರು. ಅಷ್ಟೇ ಗೊತ್ತು.

ಸಭೆ ಸಿಂಗಾನಲ್ಲೂರಿನ ಕಲ್ಯಾಣಮಂಟಪದ ಊಟದ ಹಾಲ್‌ನಲ್ಲಿ. ಕೊಯಮತ್ತೂರು, ತಿರುಪ್ಪೂರು, ಪೊಳ್ಳಾಚಿ, ಎಲ್ಲ ಕಡೆಯಿಂದಲೂ ಬಂದಿದ್ದರು. ಮಾತೆಲ್ಲ ತಮಿಳಿನಲ್ಲಿ, ನಿನಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಮೊದಲು ಕತ್ತಿಗೆ ಪೆಟ್ಟಾಗದಂತೆ ಕಟ್ಟುವ ಪಟ್ಟಿ ಕಡ್ಡಾಯ ಎಂದು ಆಯಿತು, ಅದಕ್ಕೆ ಯಾರೂ ಬೇಡವೆನ್ನಲಿಲ್ಲ. ಆಮೇಲೆ ಚೆಕ್ ವಿಷಯ ಬಂತು. ಕಾರ್ತಿಕೇಯನ್ ಸರ್ ದನಿ ಏರಿತು, ಪೊಳ್ಳಾಚಿಯ ಒಬ್ಬ ತಂದೆ ಅವರಿಗಿಂತ ಏರಿಸಿದರು. ನಿಮ್ಮ ಹುಡುಗಿಯಾಗಿದ್ದರೆ ಹೀಗೆ ಮಾತಾಡುತ್ತಿದ್ದಿರಾ ಎಂದು ಅವರು ಕೇಳಿದಾಗ ಸರ್ ಕೂತುಬಿಟ್ಟರು. ಆಗ ಅಮ್ಮ ಎದ್ದಳು. ನಾಲ್ಕು ಜನರ ಮುಂದೆ ಅಮ್ಮ ಎದ್ದು ಮಾತಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

“ನನಗೆ ಈ ಆಟ ಗೊತ್ತಿಲ್ಲ. ಕೋಲು ಯಾವ ಕಡೆ ಹಿಡೀಬೇಕು ಅಂತಾನೂ ಗೊತ್ತಿಲ್ಲ,” ಎಂದಳು. “ಇವಳು ಅಲ್ಲಿ ಬಿದ್ದಾಗ ಅಷ್ಟು ದೂರ ಹೋಗೋಕೆ ನನ್ನಿಂದ ಆಗಲಿಲ್ಲ. ಫೋನಲ್ಲಿ ಇವಳು ಉಸಿರು ಎಳೆಯೋದನ್ನ ಕೇಳಿಕೊಂಡು ಕೂತಿದ್ದೆ. ಇನ್ನೊಬ್ಬ ತಾಯಿ ಹಾಗೆ ಕೂರೋದು ಬೇಡ.”

ವೆಲ್ಲಿಂಗಿರಿ ಸರ್ ನನ್ನ ಕಡೆ ತಿರುಗಿದರು. ಅಮ್ಮ ಅಷ್ಟು ಹೇಳಿದ ಮೇಲೆ ನಾನು ಎದ್ದು ಇನ್ನೊಂದು ಹೇಳುವುದು ಹೇಗೆ, ಧರಣಿ? ಅಮ್ಮನ ಮುಖ ನೋಡಬಾರದೆಂದು ಗೋಡೆ ನೋಡುತ್ತಾ ಹೇಳಿದೆ.

“ಅವತ್ತು ಧರಣಿ ಕೊಟ್ಟದ್ದು ಸರಿಯಾದ ಚೆಕ್. ಎದೆಯೆತ್ತರದ ಹಲಗೆ ಇದ್ದಿದ್ದರೆ ಅದಕ್ಕೆ ಒರಗಿ ನಿಂತು ಮತ್ತೆ ಆಡುತ್ತಿದ್ದೆ. ಹಲಗೆ ನೋಡದೆ ನಮ್ಮನ್ನು ಆಡಲು ಬಿಟ್ಟವರ ಬಗ್ಗೆ ಇಲ್ಲಿ ಯಾರೂ ಮಾತಾಡುತ್ತಿಲ್ಲ. ನಿಯಮ ಬದಲಿಸಿ, ಬೇಡ ಅನ್ನುವುದಿಲ್ಲ. ನನ್ನ ಹೆಸರು ಹೇಳಿ ಅವಳ ಆಟ ನಿಲ್ಲಿಸಬೇಡಿ.”

ವೆಲ್ಲಿಂಗಿರಿ ಸರ್ ಮುಖ ಬಿಳಿಚಿತು. ಲಡಾಖಿನ ಆ ಶಿಬಿರದ ಜವಾಬ್ದಾರಿ ಅವರದೇ ಆಗಿತ್ತು. ಸಿಟ್ಟು ಮಾಡಲಿಲ್ಲ ಪಾಪ. ಮೆಲ್ಲಗೆ ಕೇಳಿದರು.

“ನಾಳೆ ಅದೇ ಹುಡುಗಿ ಎದುರು ಬಂದರೆ ನೀನು ಆಡುತ್ತೀಯಾಮ್ಮಾ?”

“ಆಡುತ್ತೇನೆ ಸರ್.”

ಮತ್ತೆ ಗಲಾಟೆ ಶುರುವಾಯಿತು, ಆದರೆ ಬೇರೆ ಥರದ ಗಲಾಟೆ. ಹಲಗೆ ಎಷ್ಟೆತ್ತರ ಇರಬೇಕು, ಅಳೆಯುವವರು ಯಾರು, ಚಿಕ್ಕವರಿಗೆ ಏನು, ದೊಡ್ಡವರಿಗೆ ಏನು. ಊಟದ ಹೊತ್ತು ಮೀರಿಹೋಯಿತು. ಕೊನೆಗೆ ಕೈ ಎತ್ತಿಸಿ ತೀರ್ಮಾನಿಸಿದ್ದು ಇದು: ಹದಿನಾರರ ಒಳಗಿನವರ ಪಂದ್ಯಗಳಲ್ಲಿ ಚೆಕ್ ಇಲ್ಲ, ಆದರೆ ಅಭ್ಯಾಸದಲ್ಲಿ ಕಲಿಸಬೇಕು. ದೊಡ್ಡವರಿಗೆ ಉಂಟು. ಇಬ್ಬರೂ ಒಂದೇ ದಿಕ್ಕಿಗೆ ಹೋಗುತ್ತಿರಬೇಕು, ಪಕ್ ಇರುವವಳಿಗೆ ಮಾತ್ರ, ಭುಜಕ್ಕೆ ಭುಜ. ಹಿಂದಿನಿಂದ ತಳ್ಳಿದರೆ ಆ ಪಂದ್ಯದಿಂದಲೇ ಹೊರಗೆ. ಅಂಚಿನ ಹಲಗೆ ಎದೆಯೆತ್ತರ ಇಲ್ಲದ ಕಡೆ ಯಾರಿಗೂ ಚೆಕ್ ಇಲ್ಲ. ಸ್ವಲ್ಪದರಲ್ಲೇ ಗೆದ್ದದ್ದು. ಪೊಳ್ಳಾಚಿಯ ಆ ತಂದೆ ಮಗಳನ್ನು ಇನ್ನು ಕಳಿಸುವುದಿಲ್ಲವೆಂದು ಹೇಳಿ ಎದ್ದು ಹೋದರು. ಅದು ನನಗೆ ಈಗಲೂ ಚುಚ್ಚುತ್ತಿದೆ, ಅವರ ಭಯ ಸುಳ್ಳಲ್ಲ. ನಿಯಮಕ್ಕೆ ನನ್ನ ಹೆಸರಿಲ್ಲ. ವೆಲ್ಲಿಂಗಿರಿ ಸರ್ ಅದನ್ನು ತಾವೇ ಹೊಡೆದುಹಾಕಿದರು.

ಅಮ್ಮ ಯಾವುದಕ್ಕೂ ಕೈ ಎತ್ತಲಿಲ್ಲ.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಾನು ಟಿಕೆಟ್ಟನ್ನು ಮಡಚಿ ಮಡಚಿ ಪುಡಿ ಮಾಡಿದೆ. ಅವಳನ್ನು ಎಲ್ಲರ ಮುಂದೆ ತಲೆ ತಗ್ಗಿಸುವಂತೆ ಮಾಡಿದೆನಲ್ಲ ಎಂಬ ಸಂಕಟ. ಮನೆಗೆ ಬಂದು ಸೀರೆ ಬದಲಿಸಿ, ಅಡುಗೆಮನೆಯಲ್ಲಿ ಹಿಟ್ಟಿನ ಪಾತ್ರೆ ಹಿಡಿದುಕೊಂಡು ನಿಂತವಳು ನನ್ನ ಕಡೆ ತಿರುಗದೆಯೇ ಮಾತಾಡಿದಳು.

“ಬೀಳ್ಸಿದ್ದಕ್ಕೆ ನಂಗೆ ಕೋಪ ಇಲ್ಲ, ನನ್ ಕಣ್ಣು. ಆಟ ಅಂದ್ರೆ ಬೀಳ್ತಾರೆ. ನಮ್ಮನೇಲಿ ಉಂಡು ಬೆಳ್ದ ಹುಡುಗಿ, ನೀ ಮಲಗಿದ್ದಾಗ ಬಾಗ್ಲಲ್ಲಿ ನಿಂತು ಒಂದ್ಸಲ ಇಣ್ಕಿ ನೋಡ್ಲಿಲ್ಲವಲ್ಲ. ಆ ನೋವು ನಂಗೆ ಆರಲ್ಲ.”

ನನಗೆ ಹೇಳಲು ಇದ್ದದ್ದೂ ಅದೇ ಅಲ್ಲವೇ? ನಾನೂ ಮಂಚದ ಮೇಲೆ ಬಿದ್ದುಕೊಂಡು ಧಾರಾಪುರದ ಬಸ್ಸುಗಳು ಬರುವ ಹೊತ್ತನ್ನೆಲ್ಲ ಲೆಕ್ಕ ಹಾಕಿದವಳೇ. ಗೇಟು ಸದ್ದಾದರೆ ನೀನೇ ಅಂದುಕೊಳ್ಳುತ್ತಿದ್ದೆ. ಹಾಲಿನವರು ಬರುತ್ತಿದ್ದರು, ಚಿಕ್ಕಮ್ಮ ಬರುತ್ತಿದ್ದಳು. ನೀನು ಬೀಳಿಸಿದ್ದನ್ನು ಮರೆತು ತಿಂಗಳುಗಳಾದವು. ಬರಲಿಲ್ಲವಲ್ಲ ಎನ್ನುವ ಸಿಟ್ಟು ಮಾತ್ರ ಈ ಕಾಗದ ಶುರುಮಾಡುವವರೆಗೂ ಹಾಗೇ ಇತ್ತು. ಬರೆಯುತ್ತಾ ಬರೆಯುತ್ತಾ ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ.

ನೀನು ಹೆದರಿದ್ದೆ ಎಂದು ನನಗೆ ಅರ್ಥವಾಗುತ್ತದೆ. ನಿನಗೆ ಈಗ ನಿಯಮದ ತಡೆಯಿಲ್ಲ, ನಮ್ಮಿಂದಲೂ ಇಲ್ಲ. ಕಾರ್ತಿಕೇಯನ್ ಸರ್ ಮುಂದಿನ ಪಂದ್ಯಕ್ಕೆ ನಿನ್ನ ಹೆಸರು ಬರೆಯಲೇ ಎಂದು ನನ್ನನ್ನು ಕೇಳಿದರು. ಅವಳನ್ನೇ ಕೇಳಿ ಎಂದೆ. ಫೋನು ಮಾಡುತ್ತಾರೆ. ಅವರದನ್ನಾದರೂ ಎತ್ತು. ಅಮ್ಮನನ್ನು ನೋಡಲು ಮೊದಲು ಬಾ, ಆಟದ ಮಾತು ಆಮೇಲೆ. ಬೈಯುತ್ತಾಳೆ. ಬೈಸಿಕೋ. ಆಮೇಲೆ ತಟ್ಟೆ ಹಾಕುತ್ತಾಳೆ, ನಿನಗೆ ಗೊತ್ತಲ್ಲ.

ನಿನ್ನ ದಾರಿ ನೋಡುತ್ತಿರುವ,
ಅಭಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದೇ ಬಿಟ್ಟಿದ್ದೆ. ಲಕೋಟೆ ಅಂಟಿಸುವ ಮೊದಲು ಕಾಗದವನ್ನು ಮತ್ತೆ ಬಿಚ್ಚಿದೆ. ಸಭೆಯಲ್ಲಿ ‘ಆಡುತ್ತೇನೆ’ ಎಂದೆನಲ್ಲ, ಅದು ನಿಜವೋ ಸುಳ್ಳೋ ನನಗೇ ತಿಳಿಯದು. ಡಾಕ್ಟರು ಏಪ್ರಿಲ್‌ನಲ್ಲೇ ಆಡಬಹುದು ಎಂದರು. ಆದರೂ ಇವತ್ತಿನವರೆಗೆ ನಾನು ಚಕ್ರದ ಮೇಲೆ ನಿಂತಿಲ್ಲ, ಧರಣಿ. ಅಭ್ಯಾಸ ಎಂದು ಹೋಗುತ್ತೇನೆ, ಒಂದು ಕಾಲಿಗೆ ಲೇಸು ಕಟ್ಟುತ್ತೇನೆ, ಪಕ್ಕದಲ್ಲಿ ಯಾರದಾದರೂ ಚಕ್ರದ ಸದ್ದು ಕೇಳಿದರೆ ಅಲ್ಲಿಗೇ ಕೈ ನಿಲ್ಲುತ್ತದೆ. ಹೆಗಲು ನೋಯುತ್ತಿದೆ ಎಂದು ಸರ್‌ಗೆ ಹೇಳಿದ್ದೇನೆ. ಅಮ್ಮನಿಗೆ ಅದೂ ಗೊತ್ತಿಲ್ಲ, ನಾನು ಆಡಿ ದಣಿದು ಬಂದೆನೆಂದು ಬಿಸಿನೀರು ಕಾಯಿಸಿಡುತ್ತಾಳೆ. ನಿನ್ನ ಆಟಕ್ಕಾಗಿ ಅಷ್ಟು ಜನರ ಮುಂದೆ ನಿಂತು ವಾದ ಮಾಡಿದವಳಿಗೆ ತನ್ನ ಇನ್ನೊಂದು ಕಾಲಿನ ಲೇಸು ಕಟ್ಟಿಕೊಳ್ಳಲು ಆಗುತ್ತಿಲ್ಲ. ಬರುವ ಭಾನುವಾರ ಬೆಳಿಗ್ಗೆ ಗೋಡೌನಿಗೆ ಬೇಗ ಬಾ, ಬೇರೆಯವರು ಬರುವ ಮೊದಲು. ನೀನು ಕಟ್ಟು. ಆಮೇಲೆ ಪಕ್ಕದಲ್ಲಿ ಬಂದು ಮೆಲ್ಲಗೆ ಒಂದು ಸಲ ಭುಜ ತಾಗಿಸು. ನಾನು ನಿಲ್ಲುತ್ತೇನೋ ಇಲ್ಲವೋ ಇಬ್ಬರೇ ನೋಡೋಣ.