ಮೊಣಕಾಲಿನ ನೆಪ

ಮೇ ೯, ಬೆಳಿಗ್ಗೆ ೬-೧೦

ಎದ್ದೆ. ಸ್ನಾನವಾಯಿತು. ಹೋಟೆಲಿನ ಕೆಟಲಿನಲ್ಲಿ ಕಾಫಿ — ಬಣ್ಣ ಸರಿಯಿತ್ತು, ಉಳಿದದ್ದನ್ನು ಹೇಳದಿರುವುದು ಮೇಲು. ಇಂದಿನ ವೇಳಾಪಟ್ಟಿ ಬರೆದು ಪಕ್ಕದ ಕೊಠಡಿಯ ಬಾಗಿಲಡಿ ತಳ್ಳಿ ಬಂದೆ. ೯ಕ್ಕೆ ಗಡಿಯಾರದ ಗೋಪುರ. ೧೧ಕ್ಕೆ ವಸ್ತುಸಂಗ್ರಹಾಲಯ. ೧ಕ್ಕೆ ಊಟ. ೩ಕ್ಕೆ ಐಸ್‌ಕ್ರೀಂ; ಮೊಮ್ಮಗಳು ಚುಕ್ಕಿಗೆ ಮಾತು ಕೊಟ್ಟಾಗಿದೆ. ಹತ್ತೇ ನಿಮಿಷದಲ್ಲಿ ಹಾಳೆ ನನ್ನ ಬಾಗಿಲಡಿಯಿಂದ ಹಿಂದಿರುಗಿತು. ಕೆಳಗೆ ಅಳಿಯನ ಸಹಿ: "ಓದಿದ್ದೇನೆ ಸರ್." ಶಾಲೆಯ ಸುತ್ತೋಲೆಗೆ ಸಿಬ್ಬಂದಿ ಸಹಿ ಹಾಕಿದಂತೆ. ಅದರ ಕೆಳಗೆ ಮಗಳದು, ಬೇರೆ ಪೆನ್ನಿನಲ್ಲಿ.

ಪರದೇಶದಲ್ಲಿ ನಾಲ್ಕನೆಯ ದಿನ. ಇನ್ನೂ ಆರಿವೆ. ಕಾಲು ಸೋತಿದೆ, ಯಾರಿಗೂ ಹೇಳುವ ಅಗತ್ಯವಿಲ್ಲ.

ಅದೇ ದಿನ, ಸಂಜೆ ೭

ಗೋಪುರಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು. ಹತ್ತಿದ ಮೇಲೆ ಕಂಡದ್ದು ಕೆಳಗೆ ನೋಡಿದ್ದ ಊರೇ, ಸ್ವಲ್ಪ ಚಿಕ್ಕದಾಗಿ. ಗೋಪುರದ ಇತಿಹಾಸವನ್ನು ಹನ್ನೆರಡು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅಳಿಯ ಕೈಕಟ್ಟಿ ನಿಂತು ಕೇಳಿದ.

ಅವನು ನನ್ನ ಹಳೆಯ ವಿದ್ಯಾರ್ಥಿ. ಹೈಸ್ಕೂಲಿನ ಮೂರು ವರ್ಷ, ಹಿಂದಿನ ಬೆಂಚು. ಮಗಳೂ ಅದೇ ತರಗತಿ, ಮುಂದಿನ ಬೆಂಚು. ಶಾಲೆಯ ಆವರಣದಲ್ಲಿ ಅವಳೂ ನನ್ನನ್ನು "ಸರ್" ಎನ್ನಬೇಕೆಂದು ನಿಯಮ ಮಾಡಿದ್ದೆ. ಅವಳು ಮನೆಗೆ ಬಂದರೆ "ಅಪ್ಪ" ಎನ್ನುತ್ತಿದ್ದಳು. ಅವನಿಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಬಾಯಲ್ಲಿ "ಮಾವ" ಬಂದಿಲ್ಲ. ನಾನೂ ತಿದ್ದಿಲ್ಲ. ನಮ್ಮ ಮನೆಯ ಮಹಡಿಯಲ್ಲೇ ಅವರ ಸಂಸಾರ. ಈ ಹನ್ನೊಂದು ವರ್ಷದಲ್ಲಿ ಮೇಲಿನಿಂದ ಒಂದು ಏರುದನಿ ಕೇಳಿಲ್ಲವೆಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೇನೆ.

ಊಟದ ಮೇಜಿನಲ್ಲೂ ಅದೇ ನಡವಳಿಕೆ.

"ಚುಕ್ಕಿ, ಅಮ್ಮಂಗೆ ಏನ್ ಬೇಕಂತೆ ಕೇಳು," ಎಂದ ಅಳಿಯ.

"ಅಪ್ಪ ಏನ್ ತಗೋತಾರೋ ಅದೇ ಸಾಕು ಅಂತ ಹೇಳು," ಎಂದಳು ಮಗಳು.

"ಇಬ್ರಿಗೂ ಕೇಳಿಸ್ತಲ್ಲ, ನಾನ್ಯಾಕೆ ಹೇಳ್ಲಿ?" ಎಂದು ಚುಕ್ಕಿ ಹುರಿದ ಆಲೂಗಡ್ಡೆಗೆ ಕೈ ಹಾಕಿದಳು. ಒಂಬತ್ತು ವರ್ಷ, ನಾಲಿಗೆ ಇಪ್ಪತ್ತರದು. ಎದುರುತ್ತರ ತಪ್ಪೆಂದು ತಿದ್ದಿದೆ. ಅಕ್ಕಪಕ್ಕದ ಮೇಜುಗಳಲ್ಲಿ ಸಂತೆ ನೆರೆದಂತೆ ಗದ್ದಲ. ನಮ್ಮ ಮೇಜೊಂದೇ ಶಾಂತ. ಹೆಮ್ಮೆಯಾಯಿತು.

ಮೇ ೧೦, ಸಂಜೆ ೬-೩೦

ಚಿತ್ರಶಾಲೆ. ಇಪ್ಪತ್ತು ಕೊಠಡಿ. ಹನ್ನೊಂದನೆಯದರ ನಂತರ ಎಲ್ಲ ರಾಜರಿಗೂ ಒಂದೇ ಮೂಗು. ಊಟಕ್ಕೆ ದೊಡ್ಡ ಬಟ್ಟಲಿನಲ್ಲಿ ಶಾವಿಗೆಯಂಥದ್ದು, ಸಾರಿನಲ್ಲಿ ಮುಳುಗಿಸಿದ್ದು. ಮುಳ್ಳುಚಮಚಕ್ಕೆ ಸಿಕ್ಕರೆ ಬಾಯಿಗಿಲ್ಲ, ಬಾಯಿಗೆ ಬಂದರೆ ಅಂಗಿಗೂ ಪಾಲು. ಚುಕ್ಕಿ ಸುತ್ತಿ ತೋರಿಸಿದಳು. ಕಲಿತೆ.

ಅವಳು ನನ್ನ ಕೊಠಡಿಯಲ್ಲಿ ಮಲಗುತ್ತಾಳೆ. ತಾತನಿಗೆ ಜೊತೆಯಿರಲೆಂದು ಕಳಿಸಿದ್ದಾರೆ ಎಂದುಕೊಂಡಿದ್ದೆ. ಕೇಳಿದರೆ, "ಆ ರೂಮು ಲೈಬ್ರರಿ ಥರ ತಾತ. ಇಬ್ರೂ ಸುಮ್ನೆ ಫೋನ್ ನೋಡ್ತಾ ಇರ್ತಾರೆ. ನೀನು ಗೊರಕೆನಾದ್ರೂ ಹೊಡೀತೀಯ."

ಮೇ ೧೧, ಮಧ್ಯಾಹ್ನ ೨

ಚೌಕದ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಉಳಿದವರು ಕೇಕಿನ ಅಂಗಡಿಯ ಸಾಲಿನಲ್ಲಿ. ಈಗತಾನೇ ಊರಿನಿಂದ ನನ್ನವಳ ಫೋನು. ಪ್ರವಾಸಕ್ಕೆ ಕರೆದರೆ, ಮೆಟ್ಟಿಲು ಹತ್ತುವುದಕ್ಕೆ ವಿಮಾನವೇಕೆ ಎಂದು ಮನೆಯಲ್ಲೇ ಉಳಿದವಳು.

ಮಕ್ಕಳು ಎಷ್ಟು ಹೊಂದಿಕೊಂಡಿದ್ದಾರೆ ನೋಡು ಎಂದೆ.

"ರೀ, ನಿಮ್ಮನ್ನ ಯಾಕೆ ಕರ್ಕೊಂಡು ಹೋದ್ರು ಅಂದ್ಕೊಂಡಿದ್ದೀರಿ?"

"ಊರು ತೋರಿಸೋದಕ್ಕೆ."

"ನೀವು ಜೊತೇಲಿದ್ರೆ ಇಬ್ರೂ ಬಾಯಿ ಬಿಡಲ್ಲ, ಅದಕ್ಕೆ. ಮಗೂಗೆ ಹತ್ತು ದಿನ ಅಪ್ಪ ಅಮ್ಮನ ಜೊತೆ ಚೆನ್ನಾಗಿ ಕಳೀಲಿ ಅಂತ. ವಾಪಸ್ ಬಂದ್ಮೇಲೆ ಬೇರೆ ಆಗ್ತಾರಂತೆ. ನಂಗೆ ಹೊರಡೋ ಹಿಂದಿನ ದಿನ ಹೇಳಿದ್ಲು."

"ನನಗ್ಯಾಕೆ ಹೇಳಲಿಲ್ಲ?"

"ನಿಮಗೆ ಯಾರು ಏನು ಹೇಳಿದಾರೆ ಇಷ್ಟು ದಿನ?"

ಚುಕ್ಕಿ ಕೆನೆ ತುಂಬಿದ ಕೇಕು ತಂದು ಬಾಯಿಗೆ ಹಿಡಿದಳು. ನುಂಗಿದೆ. ಸಿಹಿಯೋ ಏನೋ.

ಮೇ ೧೩, ಬೆಳಿಗ್ಗೆ ೫-೩೦

ನಿನ್ನೆ ಬರೆಯಲಿಲ್ಲ. ವೇಳಾಪಟ್ಟಿಯನ್ನೂ ಬರೆಯಲಿಲ್ಲ. ಎಂಟಕ್ಕೆ ಇಬ್ಬರೂ ಬಾಗಿಲಲ್ಲಿ ಬಂದು ನಿಂತು, "ಸರ್, ಇವತ್ತು?" "ಅಪ್ಪ, ಹುಷಾರಿಲ್ವಾ?" ಎಂದರು. ದೋಣಿಗೆ ಹೋಗೋಣವೆಂದೆ.

ದೋಣಿಕಟ್ಟೆಯಲ್ಲಿ ಮೊದಲ ಸಲ ಗಮನವಿಟ್ಟು ನೋಡಿದೆ. ಟಿಕೆಟಿನ ಸಾಲು ಉದ್ದವಿತ್ತು. ಮಗಳು ಗಂಡನಿಗೆ, "ಎಲ್ಲಾದಕ್ಕೂ ಕೊನೇ ಗಳಿಗೆ ನಿಂದು, ಯಾವಾಗ್ಲೂ..." ಎಂದು ಶುರು ಮಾಡಿದಳು. ಅವನ ಕತ್ತು ಕೆಂಪಾಯಿತು. ಬಾಯಿ ತೆರೆದ. ಅಷ್ಟರಲ್ಲಿ ನಾನು ಕೆಮ್ಮಿದೆ. ಬೇಕೆಂದು ಅಲ್ಲ, ಮೂವತ್ತನಾಲ್ಕು ವರ್ಷದ ಅಭ್ಯಾಸ, ಗಂಟಲು ತಾನಾಗಿ ಮಾಡುತ್ತದೆ. ಇಬ್ಬರೂ ತಟ್ಟನೆ ಸುಮ್ಮನಾದರು. ಅವಳು ನೀರು ನೋಡಿದಳು, ಇವನು ಬೂಟು ನೋಡಿಕೊಂಡ. ಒಂದೂವರೆ ಗಂಟೆ ದೋಣಿಯಲ್ಲಿ ಹಾಗೆಯೇ.

ಮದುವೆಯಾದ ಮೊದಲ ತಿಂಗಳು. ಮಹಡಿಯಲ್ಲಿ ಜೋರು ಮಾತು. ನಾನು ಕೆಳಗಿನಿಂದ ದೊಣ್ಣೆಯಲ್ಲಿ ಚಾವಣಿಗೆ ಮೂರು ಸಲ ಕುಟ್ಟಿದೆ. ನಿಂತಿತು. ಆಮೇಲೆ ಎಂದೂ ಕೇಳಲಿಲ್ಲ.

ಜಗಳ ತೀರಿತೆಂದು ತಿಳಿದೆ. ಅದು ಶುರುವೇ ಆಗಿರಲಿಲ್ಲ. ಇದನ್ನು ತಿಳಿಯಲು ಇಷ್ಟು ದೂರ ಬರಬೇಕಾಯಿತು.

ಮೇ ೧೪, ಬೆಳಿಗ್ಗೆ ೧೧

ಮೊಣಕಾಲು ಮಡಚಲಾಗುತ್ತಿಲ್ಲ ಎಂದು ಹೇಳಿಬಿಟ್ಟೆ. ಮಡಚಲಾಗುತ್ತದೆ. ಸೇವಾವಧಿಯಲ್ಲಿ ಒಂದು ದಿನವೂ ಸುಳ್ಳು ರಜೆ ಹಾಕಿದವನಲ್ಲ. ಚುಕ್ಕಿ ನನ್ನ ಬಳಿ ಇರಲಿ, ನೀವಿಬ್ಬರೂ ಉದ್ಯಾನ ನೋಡಿ ಬನ್ನಿ ಎಂದೆ. ಬೇಡವೆಂದರು. ಗದರಿಸಿ ಕಳಿಸಿದೆ.

೧೧-೪೦

ಬಂದೇಬಿಟ್ಟರು. ಕೈಯಲ್ಲಿ ಎರಡು ಡಬ್ಬ ಬಿಸಿ ತಿಂಡಿ, ಮೊಣಕಾಲಿಗೆ ಮುಲಾಮು.

"ನೀವಿಲ್ದೆ ನಾವೇನ್ ನೋಡೋದು ಸರ್. ಅಲ್ಲಿ ಮರಗಳೇ ಇರೋದು."

"ಉದ್ಯಾನದಲ್ಲಿ ಇನ್ನೇನಿರುತ್ತೆ?"

"ಅದೇ ಸರ್."

ಮುಲಾಮು ಹಚ್ಚಲು ಅವನು ನೆಲಕ್ಕೆ ಕುಳಿತ. ನೋವಿಲ್ಲದ ಕಾಲಿಗೆ ಅಷ್ಟು ಶ್ರದ್ಧೆಯಿಂದ ಮುಲಾಮು ಹಚ್ಚಿಸಿಕೊಳ್ಳುವುದು ಒಂದು ಶಿಕ್ಷೆ. ತಲೆಯಲ್ಲಿ ನರೆ ಬಂದಿದೆ ಇವನಿಗೆ. ಎಂದಿನಿಂದಲೋ.

ಮಗಳು ಚುಕ್ಕಿಯೊಡನೆ ಹೊರಗಿದ್ದಳು. ಹೇಳಿಬಿಟ್ಟೆ. "ನೋಡಪ್ಪ, ನನಗೆ ಗೊತ್ತಾಗಿದೆ. ಅವಳಮ್ಮ ಹೇಳಿದ್ಲು."

ಕೈ ನಿಂತಿತು. ತಲೆ ಎತ್ತಲಿಲ್ಲ. "ಕ್ಷಮಿಸಿ ಸರ್."

"ಅದಲ್ಲ. ಬೇರೆಯಾಗೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ಒಂದ್ಸಲ ಜಗಳ ಆಡಿ. ಸರಿಯಾಗಿ ಆಡಿ. ನಾನು ನಡುವೆ ಬರೋದಿಲ್ಲ."

"ನಿಮ್ಮೆದುರಿಗೆ ಹೇಗಾಗುತ್ತೆ ಸರ್?"

"ಎದುರಿಗಲ್ಲ. ನಿಮ್ಮ ಕೊಠಡೀಲಿ. ನಾನು ಚುಕ್ಕೀನ ಆಚೆ ಕರ್ಕೊಂಡು ಹೋಗ್ತೀನಿ."

"ಮೊಣಕಾಲು, ಸರ್?"

ಅವನು ನನ್ನ ಕಾಲನ್ನೇ ನೋಡುತ್ತಿದ್ದ. ಆಮೇಲೆ ಮುಲಾಮಿನ ಮುಚ್ಚಳ ತಿರುಗಿಸಿ ಮುಚ್ಚಿದ. ಮುಖದಲ್ಲಿ ನಗು ಬಂತೋ ಏನೋ. ಹಿಂದಿನ ಬೆಂಚಿನವರ ಮುಖ ಓದುವುದು ಎಂದೂ ಸುಲಭವಿರಲಿಲ್ಲ.

ಮೇ ೧೫, ಮಧ್ಯಾಹ್ನ ೩

ಚುಕ್ಕಿಯೊಡನೆ ಹೊರಟವನು ಲಿಫ್ಟಿನವರೆಗೂ ಹೋಗಿ ಹಿಂದಿರುಗಿದೆ. ಅವಳಿಗೆ ಊಟದ ಮೇಲಿನ ಐಸ್‌ಕ್ರೀಂ ಹೆಚ್ಚಾಗಿ ಹೊಟ್ಟೆನೋವು. ಇದು ನಿಜವಾದದ್ದು. ಈಗ ನಮ್ಮ ಕೊಠಡಿಯಲ್ಲಿ, ಹೊಟ್ಟೆಯ ಮೇಲೆ ದಿಂಬಿಟ್ಟು ಮಲಗಿದ್ದಾಳೆ. ನಾವು ಹೊರಗಿದ್ದೇವೆಂದೇ ಪಕ್ಕದವರ ನಂಬಿಕೆ.

ಶುರುವಾಗಿದೆ. ಮೊದಲು ಮಗಳದು, ತಗ್ಗಿದ ದನಿಯಲ್ಲಿ. ಆಮೇಲೆ ಇಬ್ಬರದೂ. ಗೋಡೆ ತೆಳು.

೩-೨೦

ಬರೆಯುತ್ತಿದ್ದರೆ ಕೈ ಒಂದು ಕಡೆ ನಿಂತಿರುತ್ತದೆ.

ಮಗಳು: "ನಿಂಗೆ ಮೇಷ್ಟ್ರ ಮಗಳು ಬೇಕಾಗಿದ್ಲು. ನಾನು ಬೇಕಾಗಿರ್ಲಿಲ್ಲ. ಯಾವತ್ತಾದ್ರೂ ನನ್ನ ಪರ ಒಂದು ಮಾತಾಡಿದೀಯಾ ಅವರ ಹತ್ರ?"

ಅಳಿಯ: "ನೀನು ಮಾತಾಡಿದ್ಯಾ? ನಿಮ್ಮಪ್ಪನ ತಲೆ ಮೇಲೆ ಹನ್ನೊಂದು ವರ್ಷ ತುದಿಗಾಲಲ್ಲಿ ನಡ್ದಿದೀನಿ ನಾನು. ನನ್ನ ಮನೇಲಿ ನಾನು ಒಂದು ಕುರ್ಚಿ ಎಳೀಬೇಕಾದ್ರೆ ಎತ್ತಿ ಇಡ್ತೀನಿ. ಸೀನು ಬಂದ್ರೆ ದಿಂಬಿಗೆ ಮುಖ ಇಡ್ತೀನಿ."

ನಿಮ್ಮಪ್ಪ. ಅವನ ಬಾಯಿಂದ ಮೊದಲ ಸಲ. ತಿದ್ದುವಂಥ ತಪ್ಪು ಅದರಲ್ಲಿ ಏನೂ ಇಲ್ಲ.

ಚುಕ್ಕಿ ಎದ್ದು ಕುಳಿತಿದ್ದಾಳೆ. ಮುಖ ಬಿಳಿಚಿದೆ. "ತಾತ, ಹೋಗಿ ನಿಲ್ಸು."

"ಇಲ್ಲ ಪುಟ್ಟ."

"ನೀನು ಒಂದ್ಸಲ ಕೆಮ್ಮಿದ್ರೆ ಸಾಕು. ಪಕ್ಕಾ ನಿಲ್ಲಿಸ್ತಾರೆ."

"ಗೊತ್ತು."

"ಮತ್ತೆ?"

ಅವಳಿಗೆ ನಾನು ಕಲಿಸಿದ್ದೆಲ್ಲ ಬೇರೆ. ಗಂಟಲು ಕೆರೆಯುತ್ತಿದೆ. ಒಂದು ಲೋಟ ನೀರು ಕುಡಿದೆ, ಇನ್ನೊಂದು ಲೋಟ. ಆ ಕಡೆ ಏನೋ ಬಿದ್ದ ಸದ್ದು. ಮಗಳು ಅಳುತ್ತಿದ್ದಾಳೆ. ಎದ್ದು ನಿಂತೆ. ಕುಳಿತೆ. ಚುಕ್ಕಿ ನನ್ನ ಎಡಗೈ ಹಿಡಿದುಕೊಂಡಿದ್ದಾಳೆ, ಬಿಗಿಯಾಗಿ.

೩-೪೫

ಈಗ ಅವನೊಬ್ಬನೇ ಮಾತನಾಡುತ್ತಿದ್ದಾನೆ. ತಗ್ಗಿದ ದನಿ, ಒಂದೇ ಸಮನೆ. ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತು ಇಷ್ಟು ಮಾತನಾಡಿರಲಿಲ್ಲ. ಅವಳು ನಡುವೆ ಬಾಯಿ ಹಾಕುತ್ತಿಲ್ಲ. ಮೂಗು ಒರೆಸಿಕೊಂಡದ್ದು ಕೇಳಿಸಿತು, ಅಷ್ಟೆ.

ಬಹಳ ದಣಿವಾಗಿದೆ. ಮುನ್ನೂರ ಹನ್ನೆರಡು ಮೆಟ್ಟಿಲು ಏನೂ ಅಲ್ಲ.

ಈಗ ಅವಳು ಕೇಳಿದಳು, ಸ್ಪಷ್ಟವಾಗಿ: "ನಾನು ಬೇರೆ ಕಡೆ ಮನೆ ನೋಡಿದ್ರೆ... ನೀನೂ ಬರ್ತೀಯಾ?"

ಮಹಡಿ ಖಾಲಿಯಾಗುತ್ತದೆ. ಆಗಲಿ. ಬರುತ್ತೇನೆನ್ನಲಿ ಅವನು.

ಅವನಿನ್ನೂ ಏನೂ ಹೇಳಿಲ್ಲ. ಚುಕ್ಕಿ ಮಂಚ ಹತ್ತಿ ಗೋಡೆಗೆ ಕಿವಿಯಿಟ್ಟಿದ್ದಾಳೆ. ಕದ್ದು ಕೇಳುವುದು ತಪ್ಪು, ಇಳಿ ಎನ್ನಬೇಕು. ಸ್ವಲ್ಪ ಆಚೆ ಸರಿ ಎಂದೆ. ಸರಿದು ಜಾಗ ಬಿಟ್ಟಳು. ಪೆನ್ನು ಇಲ್ಲಿಟ್ಟು ನಾನೂ —