ತೊಂಬತ್ತೊಂದನೆಯ ಪುಟ

ಸೆಪ್ಟೆಂಬರ್ 15, 2014, ಸೋಮವಾರ. ಮಧ್ಯಾಹ್ನ 2.30

ಮೂರನೆಯ ಮದುವೆ ಕಾಗದದ ಪ್ರೂಫ್ ಕಳಿಸಿಯಾಯಿತು. ಊಟ ಇನ್ನೂ ಆಗಿಲ್ಲ. ಹೊಸ ಮಾನಿಟರ್ ದೊಡ್ಡದಿದೆ, ಚಂದವಿದೆ. ಆದರೆ ಅಕ್ಷರಗಳೆಲ್ಲ ಅಡ್ಡಕ್ಕೆ ಹಿಗ್ಗಿ ಕೂತಿವೆ. ಒತ್ತಕ್ಷರ ಒಂದಕ್ಕೊಂದು ಅಂಟುತ್ತವೆ. ಹಳೆಯದೇ ಸಾಕಿತ್ತು. ಅಮ್ಮನ ಕಣ್ಣಿಗೆ ಒಳ್ಳೆಯದೆಂದು ಮಾನಸಿ ಐರೋಲಿಯಿಂದ ಹೊತ್ತು ತಂದಳು. ಮಗಳು ಕೊಟ್ಟದ್ದು, ಬೇಡ ಎನ್ನುವಂತಿಲ್ಲ.

ಸ್ಟೇಷನ್ ಹತ್ತಿರದ ಕಂಪ್ಯೂಟರ್ ರಿಪೇರಿಯ ಲತೀಶ್ ಬಂದು ನೋಡಿದ. ಮೂಲ ಮೂಡಬಿದಿರೆ ಕಡೆಯವರು, ಇವನು ಹುಟ್ಟಿದ್ದು ಇಲ್ಲೇ ಡೊಂಬಿವಲಿಯಲ್ಲಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತದಂತೆ. ಹಾಕು ಎಂದೆ.

ಕಲ್ಯಾಣದಿಂದ ವಸಂತಕುಮಾರ ಮಾಮನ ಫೋನ್. ದಿನಕ್ಕೊಂದು ಸಲ ಇದ್ದದ್ದೇ. ಶಹಾಡ್‌ನ ಒಂದು ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಕ್ಯಾಂಟೀನ್ ನಡೆಸಿದವರು. ಆ ಕಥೆ ಬರೆದಿದ್ದಾರೆ, ನಾನು ಕಂಪೋಸ್ ಮಾಡುತ್ತಿದ್ದೇನೆ. 138 ಪುಟ ಮುಗಿದಿದೆ. ಅವರಿಗೆ ಬೇಕಾದದ್ದು ಒಂದೇ, ತೊಂಬತ್ತೊಂದನೆಯದು. ಸೈದಪ್ಪನ ಪುಟ.

1983ರಲ್ಲಿ ಮ್ಯಾನೇಜರರ ಕೈಗಡಿಯಾರ ಕದ್ದನೆಂದು ಪಾತ್ರೆ ತೊಳೆಯುವ ಸೈದಪ್ಪನನ್ನು ಮಾಮ ಎಲ್ಲರೆದುರು ಬೈದು ಓಡಿಸಿದರು. ಆರು ತಿಂಗಳ ನಂತರ ಗಡಿಯಾರ ಗ್ರೈಂಡರಿನ ಕೆಳಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಈಗ ಅಚ್ಚಿನಲ್ಲಿ ಹೇಳಬೇಕು, ಅದನ್ನು ಕಣ್ಣಾರೆ ಓದಬೇಕು. ಗ್ಲಕೋಮಾದಲ್ಲಿ ಬಲಗಣ್ಣು ಆಗಲೇ ಹೋಗಿದೆ. ಎಡಗಣ್ಣು ದೀಪಾವಳಿಯವರೆಗೆ ಬಂದರೆ ಹೆಚ್ಚು ಎಂದಿದ್ದಾರೆ ಡಾಕ್ಟರು.

ಸೆಪ್ಟೆಂಬರ್ 18, ಗುರುವಾರ. ಸಂಜೆ 6

ಕಾರ್ಡ್ ಬಂತು. ಹಾಕಿದರೆ ಪರದೆ ಇನ್ನೂ ಹದಗೆಟ್ಟಿತು. ಹದಿನಾರೇ ಬಣ್ಣ, ಐಕಾನ್ ಒಂದೊಂದೂ ಚಪಾತಿಯಷ್ಟು. ಕಾರ್ಡಿಗೆ ನನ್ನ ಹಳೆಯ ವಿಂಡೋಸ್ ಎಕ್ಸ್‌ಪಿಯ ಡ್ರೈವರೇ ಇಲ್ಲ. ಡಬ್ಬದ ಮೇಲೆ ಬರೆದಿತ್ತು — ವಿಂಡೋಸ್ ಸೆವೆನ್‌ನಿಂದ ಮೇಲಕ್ಕೆ ಮಾತ್ರ. ಲತೀಶ್ ಓದಿರಲಿಲ್ಲ. ನಾನೂ ಓದಿರಲಿಲ್ಲ.

ಎಕ್ಸ್‌ಪಿ ಏಪ್ರಿಲ್‌ನಲ್ಲೇ ಮುಗಿಯಿತು, ಯಾವತ್ತಿದ್ದರೂ ಬದಲಿಸಲೇಬೇಕು ಎಂದ. ಡಿ ಡ್ರೈವಿನಲ್ಲಿರುವ ಫೈಲುಗಳಿಗೆ ಏನೂ ಆಗುವುದಿಲ್ಲವೆಂದ. ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಕುಛ್ ನಹೀ ಹೋಗಾ. ಅಲ್ಲೇ ಫಾರ್ಮ್ಯಾಟ್ ಮಾಡಲು ಕೂತ. ಐದೂವರೆಗೆ ಸೆವೆನ್ ಬಂತು. ಅಕ್ಷರ ಈಗ ಕಡೆದಿಟ್ಟ ಹಾಗೆ. ಇಂಗ್ಲಿಷ್ ಅಕ್ಷರ.

ಸೆಪ್ಟೆಂಬರ್ 19, ಶುಕ್ರವಾರ

ಕನ್ನಡ ಸಾಫ್ಟ್‌ವೇರ್ ಏಳುವುದಿಲ್ಲ. ಕಂಪ್ಯೂಟರಿನ ಹಿಂದೆ ಚುಚ್ಚುವ ಅದರ ಬೀಗ, ಆ ಡಾಂಗಲ್, ಸೆವೆನ್‌ನ ಕಣ್ಣಿಗೇ ಬೀಳುವುದಿಲ್ಲ. ಸಿಡಿ ಮೇಲಿನ ನಂಬರಿಗೆ ಫೋನ್ ಮಾಡಿದೆ. ಕಂಪನಿ ಮುಚ್ಚಿ ನಾಲ್ಕು ವರ್ಷ. ಅಲ್ಲೀಗ ಟ್ರಾವೆಲ್ಸ್ ಆಫೀಸು.

ಕಾರ್ಡ್ ಕಿತ್ತುಹಾಕು, ಎಕ್ಸ್‌ಪಿಯನ್ನೇ ಮತ್ತೆ ಹಾಕು ಎಂದೆ. ಅದನ್ನೂ ಮಾಡಿ ನೋಡಿದ. ಸಾಫ್ಟ್‌ವೇರ್ ಹೊಸದಾಗಿ ಹಾಕಲು ಕಂಪನಿಯಿಂದ ಕೋಡ್ ಬೇಕಂತೆ. ಹನ್ನೊಂದು ವರ್ಷದ ಕೆಳಗೆ ಅವರೇ ಬಂದು ಹಾಕಿಹೋಗಿದ್ದರು. ಅದರ ಫಾಂಟುಗಳೂ ಅದರ ಜೊತೆಗೇ ಹೋದವು. ಮರಳಿ ಸೆವೆನ್.

ನಮ್ಮ ಮನೆಯವರು ಥಾಣೆಯ ಹೋಟೆಲಿನಲ್ಲಿ ದಿನವಿಡೀ ಗಲ್ಲೆಯಲ್ಲಿ ಕೂತು ಬಂದವರು. ಕೇಳಿದ್ದು ಒಂದೇ ಮಾತು, ಮಾಮ ಬೇರೆ ಯಾರಲ್ಲಾದರೂ ಮಾಡಿಸಬಹುದಲ್ಲ. ಸಿಟ್ಟು ಬಂತು. ಚಹಾ ಮಾಡಿಕೊಟ್ಟೆ.

ಸೆಪ್ಟೆಂಬರ್ 20, ಶನಿವಾರ

ಮಾಮನಿಗೆ ಹೇಳಿಬಿಟ್ಟೆ. ಕೈಬರಹದ ಹಾಳೆ ಕಳಿಸಿ, ಮೊದಲಿನಿಂದ ಕೂಡಿಸುತ್ತೇನೆ ಎಂದೆ.

ಹಾಳೆಗಳಿಲ್ಲ. ಅಕ್ಷರವಿದ್ದ ಕಾಗದ ಕಾಲಡಿ ಬೀಳಬಾರದು, ರದ್ದಿಗೆ ಹೋಗಬಾರದು — ನಮ್ಮವರ ಮನೆಗಳಲ್ಲಿ ಇದೊಂದು ಶಾಸ್ತ್ರ. ಚೌತಿಯ ಗಣಪತಿ ಬಿಡುವಾಗ ನಿರ್ಮಾಲ್ಯದ ಜೊತೆ ಎಲ್ಲವನ್ನೂ ಖಾಡಿಯ ನೀರಿಗೆ ಬಿಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಉಂಟಲ್ಲ ಎಂಬ ಧೈರ್ಯ. ಆ ಧೈರ್ಯ ಕೊಟ್ಟವಳು ನಾನೇ. ಎಲ್ಲ ಸೇಫ್ ಮಾಮ ಎಂದಿದ್ದೆ.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಹೋದ್ರೆ ಹೋಗ್ಲಿ ಬಿಡು ಪ್ರಭಾ. ಹೋದದ್ದು ಒಳ್ಳೇದೇ ಆಯ್ತೋ ಏನೋ."

ಫೋನ್ ಇಟ್ಟರು. ನನಗೆ ಅಳು ಬಂತು. ಇಷ್ಟು ದಿನ ಜೀವ ತಿಂದವರು ಹೀಗಂದರೆ... ನನ್ನ ಮೇಲಿನ ಮರುಕವೇ ಇರಬೇಕು. ಬೈದಿದ್ದರೆ ವಾಸಿಯಿತ್ತು.

ಸೆಪ್ಟೆಂಬರ್ 23, ಮಂಗಳವಾರ. ಬೆಳಿಗ್ಗೆ 11

ಲತೀಶ್ ಬಂದು ಮಾಮನ ಫೈಲನ್ನು ವರ್ಡ್‌ಪ್ಯಾಡಿನಲ್ಲಿ ತೆರೆದ. ಪುಟದ ತುಂಬ ಚಿಹ್ನೆಗಳ ರಾಶಿ. ಮುಖ ಸಣ್ಣದು ಮಾಡಿಕೊಂಡ.

"ಆಂಟಿ, ಯೇ ಸಬ್ ಕರಪ್ಟ್ ಹೋ ಗಯಾ. ಡಿಲೀಟ್ ಕರ್ ದೂಂ ಕ್ಯಾ?"

ಮೌಸಿನಿಂದ ಕೈ ತೆಗೆ ಎಂದೆ. ಕರಪ್ಟ್ ಅಲ್ಲ ಅದು. ಆ ಸಾಫ್ಟ್‌ವೇರಿನ ಒಳಗೆ ಮಾತ್ರ ಕನ್ನಡ, ಹೊರಗೆ ಯಾವಾಗಲೂ ಇದೇ ಕಸ. ಫೈಲುಗಳ ಹೆಸರೂ ಹೀಗೇ ಕಾಣುತ್ತಿದ್ದವು. ಈ ಕಸದಲ್ಲೇ ಯಾರ ಮದುವೆ, ಯಾರ ಮನೆಯ ಉಪನಯನ ಎಂದು ಹನ್ನೊಂದು ವರ್ಷ ಹುಡುಕಿದ್ದೇನೆ. ಯೆನ್ ಗುರುತು ಪ. ಪೌಂಡ್ ಗುರುತು ನ. ತಲೆಯ ಮೇಲೆ ಓರೆಗೆರೆಯ ಇಂಗ್ಲಿಷ್ ಎ ಬಂದರೆ ದೀರ್ಘ.

ಬೆರಳಿಟ್ಟು ಮೊದಲ ಸಾಲು ಓದಿದೆ. ನಾನು ಶಹಾಡಿಗೆ ಬಂದದ್ದು ಒಂದು ಮಂಗಳವಾರ. ನಿಧಾನ, ಆದರೆ ತಪ್ಪಿಲ್ಲ. ಲತೀಶ್ ಕುರ್ಚಿಯಿಂದ ಎದ್ದೇಬಿಟ್ಟ. ಇದನ್ನು ನೀವು ಓದುತ್ತೀರಾ ಎಂದು ಎರಡು ಸಲ ಕೇಳಿದ. ಹೆಮ್ಮೆಯಾಯಿತು. ಸುಳ್ಳೇಕೆ.

ಸೆವೆನ್‌ನಲ್ಲಿ ಯೂನಿಕೋಡ್ ಕನ್ನಡ ಇದೆ. ಕೀಬೋರ್ಡಿನ ಕ್ರಮ ಬೇರೆ. ಕಸ ಓದಬೇಕು, ಕನ್ನಡ ಟೈಪ್ ಮಾಡಬೇಕು. 138 ಪುಟ.

ಅಕ್ಟೋಬರ್ 6, ಸೋಮವಾರ

ಬೆನ್ನು. ಕಣ್ಣು. ನವರಾತ್ರಿ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಬೆರಳು ಹಳೆಯ ಜಾಗಕ್ಕೇ ಓಡುತ್ತದೆ, ಕ ಒತ್ತಿದರೆ ಇನ್ನೇನೋ ಬರುತ್ತದೆ. 44 ಪುಟ ಆಯಿತು. ಮಾಮನ ಫೋನ್ ಈಗ ಇಲ್ಲ. ನಾನು ಮಾಡಿದರೂ ಪುಸ್ತಕದ ಮಾತೆತ್ತುವುದಿಲ್ಲ.

ಇವತ್ತು ಅವರ ಸೊಸೆ ದಿಶಾ ಮಾಡಿದಳು. ಮಾವ ಬೆಳಿಗ್ಗೆ ಚಹಾ ಕುಡಿದು ಲೋಟವನ್ನು ಟೇಬಲ್ಲಿನ ಅಂಚು ಬಿಟ್ಟು ಗಾಳಿಯಲ್ಲಿ ಇಟ್ಟರಂತೆ. ಆದಷ್ಟು ಜಲ್ದಿ ಮಾಡಿ ಆಂಟಿ ಎಂದಳು.

ನಾನೊಬ್ಬಳು ಪೆದ್ದಿ. ಶಿಸ್ತಾಗಿ ಒಂದರಿಂದ ಹೊರಟಿದ್ದೇನೆ. ತೊಂಬತ್ತೊಂದನ್ನು ಮೊದಲು ಮುಗಿಸಬೇಕಿತ್ತು.

ಅಕ್ಟೋಬರ್ 7, ಮಂಗಳವಾರ

ಮುಗಿಯಿತು. ಮೂವತ್ತಾರು ಪಾಯಿಂಟ್, ದಪ್ಪ ಅಕ್ಷರ. ಒಂದು ಪುಟ ಒಂಬತ್ತು ಹಾಳೆಯಾಯಿತು. ನಾಳೆ ಕಲ್ಯಾಣ.

ಅಕ್ಟೋಬರ್ 8, ಬುಧವಾರ. ಸಂಜೆ 5

ಹೋಗಿಬಂದೆ. ಎರಡೇ ಸ್ಟೇಷನ್, ನಿಂತೇ ಹೋದೆ.

ಮಾಮ ಕಿಟಕಿಯ ಬೆಳಕಿಗೆ ಕೂತರು. ಹಾಳೆ ಮೂಗಿಗೆ ತಾಗುವಷ್ಟು ಹತ್ತಿರ. ಎಡಗಣ್ಣಿನ ಒಂದು ಮೂಲೆಯಿಂದ ಒಂದೊಂದೇ ಅಕ್ಷರ, ಗಟ್ಟಿಯಾಗಿ. ಎರಡು ಹಾಳೆಗೆ ಅರ್ಧ ಗಂಟೆ. ಸೈದಪ್ಪ ಕದ್ದಿರಲಿಲ್ಲ ಎಂಬಲ್ಲಿ ನಿಂತು ಇನ್ನೊಮ್ಮೆ ಓದಿದರು. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಒದ್ದಾಡಿದ್ದು, ಸಾರ್ಥಕವಾಯಿತು ಎಂದುಕೊಂಡೆ.

ಆರನೆಯ ಹಾಳೆಯಲ್ಲಿ, ಆರು ತಿಂಗಳ ನಂತರ ಎಂಬಲ್ಲಿ ಮತ್ತೆ ನಿಂತರು. ಕಾಣುತ್ತಿಲ್ಲವೇನೋ ಎಂದು ಮುಂದಿನ ಪದ ನಾನೇ ಹೇಳಿದೆ. ಕಾಣ್ತದೆ ಎಂದರು. ದಿಶಾ ಒಳಗೆ ಹೋಗುವವರೆಗೆ ಕಾದರು.

"ಆರು ತಿಂಗಳಲ್ಲ ಪ್ರಭಾ. ಗಡಿಯಾರ ಅದೇ ದಿವಸ ಸಂಜೆ ಸಿಕ್ಕಿತ್ತು. ಸೈದಪ್ಪ ಇನ್ನೂ ಶಹಾಡ್ ಸ್ಟೇಷನ್ನಲ್ಲಿದ್ದ. ಗಂಟು ಇಟ್ಕೊಂಡು ಬೆಂಚಿನ ಮೇಲೆ ಕೂತಿದ್ದಾನೆ ಅಂತ ಅಡಿಗೆಯವ ಬಂದು ಹೇಳಿದ. ಹತ್ತು ನಿಮಿಷದ ದಾರಿ."

ಯಾಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ.

"ಫೈಲು ಹೋಯ್ತು ಅಂತ ನೀನು ಹೇಳುವಾಗ ನಂಗೆ ಖುಷಿಯಾಗಿತ್ತು," ಎಂದರು. ಸರಿ ಮಾಡಿ ತಾ ಎಂದು ಹಾಳೆಗಳನ್ನು ನನ್ನ ಕೈಗೇ ಕೊಟ್ಟರು. ಬರುವಾಗ ರೈಲಿನಲ್ಲಿ ಸೀಟು ಸಿಕ್ಕಿತು. ಕೂರಲಿಲ್ಲ.

ಅಕ್ಟೋಬರ್ 9, ಗುರುವಾರ. ಬೆಳಿಗ್ಗೆ 8.15

ಮಾಮನ ಮೇಲೆ ಸಿಟ್ಟಿದೆ. ಪಾಪ ಎಂದೂ ಅನಿಸುತ್ತದೆ. ಯಾವುದು ಹೆಚ್ಚೋ ಗೊತ್ತಿಲ್ಲ.

ಈಗ ದಿಶಾಳ ಫೋನ್. ಮಾವ ಎದ್ದವರೇ ಲೈಟ್ ಹಾಕು ಎಂದರಂತೆ. ಲೈಟ್ ಉರಿಯುತ್ತಲೇ ಇತ್ತು.

ಇನ್ನು ಅವರು ಓದುವುದಿಲ್ಲ. ಆರು ತಿಂಗಳು ಎಂದೇ ಬಿಟ್ಟರೂ ಅವರಿಗೆ ತಿಳಿಯುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಪುಸ್ತಕ ಬಿಡುಗಡೆಯ ದಿನ ಕನ್ನಡ ಸಂಘದವರು ಹಾರ ಹಾಕುತ್ತಾರೆ, ದೊಡ್ಡ ಮನಸ್ಸು ಎನ್ನುತ್ತಾರೆ.

ಫೈಲ್ ತೆರೆದೆ. ಆರು ತಿಂಗಳ ನಂತರ, ಮೂರೂ ಪದ ಅಳಿಸಿದೆ. ಟೈಪ್ ಮಾಡಿದೆ —

ಅದೇ ದಿನ ಸಂಜೆ, ಸೈದಪ್ಪ ಇನ್ನೂ ಸ್ಟೇಷನ್ನಿನಲ್ಲಿ